ಡೋರಾ ನಿಂತ ಮೇಲೆ

"ಕೈ ತೆಗೀರಿ! ಮೊದಲು ಅದರ ಮೇಲಿಂದ ಕೈ ತೆಗೀರಿ!"

ಓರ್ನೆಲ್ಲಾಳ ಕೂಗಿಗೆ ಎರಡನೇ ಮಹಡಿಯ ಕಿಟಕಿ ಗಾಜುಗಳು ನಡುಗಿದವೋ ಏನೋ, ಆ ಗಂಡಸಿನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಮಾತ್ರ ಠಣ್ಣೆಂದು ನೆಲಕ್ಕೆ ಬಿತ್ತು.

ಅವಳ ಮೇಜು, ಅವಳ ಕಂಪ್ಯೂಟರ್... ಮೇಲಿನ ಮುಚ್ಚಳ ತೆಗೆದು ಪಕ್ಕಕ್ಕಿಟ್ಟು, ಒಳಗಿನ ಮೆಮೊರಿ ಬೋರ್ಡನ್ನು ಅರ್ಧ ಕಿತ್ತಿದ್ದಾನೆ! ಸೋಮವಾರ ಬೆಳಿಗ್ಗೆ, ಇನ್ನೂ ಕೋಟು ಸಹ ಬಿಚ್ಚಿರಲಿಲ್ಲ ಅವಳು.

"ಯಾರ್ರೀ ನೀವು?"

"ಲೊರುಸ್ಸೊ. ವೀತೊ ಲೊರುಸ್ಸೊ. ಮೂರನೇ ಮಹಡಿ." ಅವನು ಮುಖ ಸಣ್ಣದು ಮಾಡಿಕೊಂಡ. "ಕೆಳಗೆ ಯಾರೂ ಉಪಯೋಗಿಸದ ಯಂತ್ರ ಒಂದಿದೆ, ಅದರ ಮೆಮೊರಿ ತಗೋಬಹುದು ಅಂದ್ರು..."

ಯಾರೂ ಉಪಯೋಗಿಸದ ಯಂತ್ರ!

ನಾಲ್ಕು ವರ್ಷದಿಂದ ಅವಳು ಹಬ್ಬ ಹರಿದಿನ ನೋಡದೆ ದುಡಿದದ್ದು ಇದಕ್ಕಾಗಿ. ಮದುವೆಗೆ ಒಪ್ಪಿದ್ದ ಹುಡುಗ 'ನಿನಗೆ ಗಂಡ ಬೇಡ, ಪ್ಲಗ್ಗು ಸಾಕು' ಎಂದು ಬೈದು ಹೋದದ್ದೂ ಇದಕ್ಕಾಗಿಯೇ.

"ಮೂರನೇ ಮಹಡಿಯವರಿಗೆ ಹೇಳಿ," ಓರ್ನೆಲ್ಲಾ ಹಲ್ಲು ಕಚ್ಚಿದಳು. "ಡೋರಾ ಇನ್ನೂ ಬದುಕಿದ್ದಾಳೆ ಅಂತ. ಅಂಗಾಂಗ ದಾನ ಇನ್ನೂ ಶುರುವಾಗಿಲ್ಲ!"

ಅವನಿಗೆ ನಗು ಬಂತು. ತಡೆದುಕೊಂಡ. ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅದು ೧೯೮೩ರ ಶರತ್ಕಾಲ. ತೋರಿನೊ ಊರಿನ ಉತ್ತರದಂಚಿನಲ್ಲಿ, ಡೋರಾ ನದಿಗೆ ಬೆನ್ನು ಹಾಕಿ ನಿಂತಿದ್ದ ಗರ್ಬೀನಿ ಕಂಪನಿ ಮೊದಲೆಲ್ಲ ಟೈಪ್‌ರೈಟರ್ ಮಾಡುತ್ತಿತ್ತು. ಈಗ ಕಂಪ್ಯೂಟರಿಗೆ ಕೈಹಾಕಿತ್ತು. ಒಂದಕ್ಕಲ್ಲ, ಎರಡಕ್ಕೆ.

ಎರಡನೇ ಮಹಡಿಯವರು ಎಲ್ಲವನ್ನೂ ತಾವೇ ಕಟ್ಟಿದ್ದರು. ತಾವೇ ಆರಿಸಿಕೊಂಡ ಚಿಪ್ಪು, ತಾವೇ ಬರೆದ ಆಪರೇಟಿಂಗ್ ಸಿಸ್ಟಮ್. ಅದಕ್ಕೆ ನದಿಯ ಹೆಸರನ್ನೇ ಇಟ್ಟಿದ್ದರು, ಡೋರಾ. ಮೂರನೇ ಮಹಡಿಯವರು ಕಟ್ಟುತ್ತಿದ್ದದ್ದು ಅಮೆರಿಕದ ಕಂಪ್ಯೂಟರಿನ ತದ್ರೂಪು. ಅದರಲ್ಲಿ ಅಮೆರಿಕದ ಸಿಸ್ಟಮ್ಮು ನಡೆಯುತ್ತದೆ, ಅಲ್ಲಿನ ಪ್ರೋಗ್ರಾಮುಗಳೆಲ್ಲ ನಡೆಯುತ್ತವೆ. ಎರಡರಲ್ಲಿ ಒಂದು ಮಾತ್ರ ಮಾರುಕಟ್ಟೆಗೆ ಹೋಗುವುದು. ಡಿಸೆಂಬರಿನಲ್ಲಿ ತೀರ್ಮಾನ.

ಮೂರನೇ ಮಹಡಿಗೆ ಹೊಸದಾಗಿ ಮುಖ್ಯಸ್ಥನಾಗಿ ಬಂದವನೇ ಈ ವೀತೊ. ಬಾರಿ ಊರಿನವನು, ದಕ್ಷಿಣದವನು. ಕ್ಯಾಲಿಫೋರ್ನಿಯಾದಲ್ಲಿ ಕೆಲವು ವರ್ಷ ಇದ್ದು ಬಂದಿದ್ದ.

"ನಮ್ಮ ಮನೆ ಕೆಡವೋಕೆ ಮೇಸ್ತ್ರೀನ ಆಮದು ಮಾಡ್ಕೊಂಡಿದ್ದಾರೆ," ಎಂದು ಓರ್ನೆಲ್ಲಾ ತನ್ನ ಮುಖ್ಯಸ್ಥ ಪೆರೊತ್ತಿಯ ಮುಂದೆ ಗೊಣಗಿದಳು.

ನಿವೃತ್ತಿಯ ಅಂಚಿನಲ್ಲಿದ್ದ ಪೆರೊತ್ತಿ ಕನ್ನಡಕ ಒರೆಸುತ್ತಾ, "ಕೆಡವೋನ ಮುಖ ಅಲ್ಲ ಕಣಮ್ಮ ಅದು. ಎಲ್ಲೋ ಬಿದ್ದ ಮನೆಯಿಂದ ಎದ್ದು ಬಂದೋನ ಮುಖ," ಎಂದರು.

* * *

ವಾರ ಕಳೆದ ಮೇಲೆ ಅವನು ಮತ್ತೆ ಬಂದ. ಈ ಸಲ ಸ್ಕ್ರೂಡ್ರೈವರ್ ಇರಲಿಲ್ಲ. ಕೈಯಲ್ಲೊಂದು ಕಾಗದದ ಪೊಟ್ಟಣ.

"ಸಿನ್ಯೊರಿನಾ, ಒಂದು ಮಾತು ಕೇಳಿದೆ, ನಿಜಾನಾ? ಡೋರಾ ಫೈಲ್ ಬರೀತಾ ಇರೋವಾಗ ಕರೆಂಟ್ ಹೋದ್ರೂ ಏನೂ ಹಾಳಾಗಲ್ವಂತೆ?"

"ಯಾರು ಹೇಳಿದ್ರು?"

"ಕ್ಯಾಂಟೀನಿನಲ್ಲಿ. ಅಲ್ಲಿ ಎಲ್ಲಾ ಗೊತ್ತಾಗುತ್ತೆ. ನಿಮಗೆ ನನ್ನ ಮೇಲೆ ಸಿಟ್ಟಿದೆ ಅಂತಾನೂ."

ಓರ್ನೆಲ್ಲಾ ಫ್ಲಾಪಿಯೊಂದನ್ನು ಹಾಕಿದಳು, ದೊಡ್ಡದೊಂದು ಫೈಲನ್ನು ಉಳಿಸಲು ಬಿಟ್ಟಳು, ಗೋಡೆಯ ಪ್ಲಗ್ಗಿನ ಕಡೆ ಕೈ ತೋರಿಸಿದಳು. "ಕಿತ್ತು ನೋಡಿ."

ಕಿತ್ತ. ಪರದೆ ಕತ್ತಲಾಯಿತು. ಮತ್ತೆ ಹಾಕಿದ. ಫೈಲು ಇದ್ದ ಹಾಗೇ ಇತ್ತು!

ಮತ್ತೆ ಕಿತ್ತ. ಮತ್ತೆ ಇತ್ತು. ಮತ್ತೆ... ಮತ್ತೆ... ಕೊನೆಗೆ ಮಂಡಿಯೂರಿ ಪ್ಲಗ್ಗಿನ ಪಕ್ಕದಲ್ಲೇ ಕೂತುಬಿಟ್ಟ, ಜಾತ್ರೆಯ ಆಟಿಕೆ ಸಿಕ್ಕ ಮಗುವಿನಂತೆ.

"ಅಮ್ಮಾ ತಾಯಿ! ನಮ್ಮದು ಹೀಗೆ ಕಿತ್ತರೆ ಫ್ಲಾಪಿನೇ ಸತ್ತು ಹೋಗುತ್ತೆ. ಹೇಗೆ ಮಾಡಿದ್ರಿ?"

ಎಷ್ಟು ಕಾಲವಾಗಿತ್ತು, ಯಾರಾದರೂ ಅವಳ ಕೆಲಸವನ್ನು ನೋಡಿ 'ಹೇಗೆ ಮಾಡಿದ್ರಿ' ಎಂದು ಕೇಳಿ! ಎಲ್ಲರೂ ಕೇಳುತ್ತಿದ್ದದ್ದು 'ಯಾವಾಗ ಮುಗಿಯುತ್ತೆ' ಎಂದಷ್ಟೇ.

ಅವಳು ಹೇಳಿದಳು. ಮಧ್ಯಾಹ್ನ ಸಂಜೆಯಾಯಿತು. ಪೊಟ್ಟಣದಲ್ಲಿದ್ದದ್ದು ಅವನ ಅಮ್ಮ ಬಾರಿಯಿಂದ ಕಳಿಸಿದ್ದ ತರಾಲ್ಲಿ, ಸೋಂಪು ಹಾಕಿದ, ಕೋಡುಬಳೆಯಂಥ ಗರಿಗರಿ ತಿಂಡಿ. ಒಂದೂ ಉಳಿಯಲಿಲ್ಲ.

ಆಮೇಲೆ ಶನಿವಾರಗಳಂದು ಅವನು ಕೆಳಗಿಳಿದು ಬರುವುದು ರೂಢಿಯಾಯಿತು. ಟ್ರಾಮಿನವರೆಗೆ ಜೊತೆಯಾಗಿ ನಡೆಯುವುದೂ ರೂಢಿಯಾಯಿತು. ಒಂದು ದಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಪಕ್ಕದಲ್ಲಿದ್ದವನ ಮುಖವೂ ಕಾಣುತ್ತಿರಲಿಲ್ಲ. ಮುಖ ಕಾಣದಿದ್ದರೆ ಕೆಲವು ಮಾತು ಸುಲಭ.

"ಕ್ಯಾಲಿಫೋರ್ನಿಯಾದಲ್ಲಿ ನಾವೂ ಒಂದು ಸಿಸ್ಟಮ್ ಕಟ್ಟಿದ್ವಿ," ಎಂದ ವೀತೊ. "ಚಂದದ್ದು. ಒಂದು ದಿನ ಬೆಳಿಗ್ಗೆ ಹೋದ್ರೆ ಬಾಗಿಲಿಗೆ ಹೊಸ ಬೀಗ. ನಮ್ಮ ಕಾಫಿ ಲೋಟ ಕೂಡ ಒಳಗೇ ಉಳೀತು. ಅಲ್ಲಿಂದ ಈಚೆಗೆ ನನಗೆ ಯಾವುದರ ಮೇಲೂ ಆಸೆ ಇಟ್ಕೊಳೋಕೆ ಸುಸ್ತು."

"ನನಗೂ ಸುಸ್ತು," ಎಂದಳು ಓರ್ನೆಲ್ಲಾ. ಯಾರ ಮುಂದೆಯೂ ಆಡದ ಮಾತು ಅದು. "ಬೆಳಿಗ್ಗೆ ಎದ್ದ ಕೂಡಲೇ ಸುಸ್ತು. ಆದರೆ ಬಿಟ್ಟರೆ... ಬಿಟ್ಟರೆ ಇಷ್ಟು ವರ್ಷ ಏನು ಮಾಡಿದೆ ಅಂತ ಹೇಳ್ಲಿ?"

ಮಂಜಿನೊಳಗಿಂದ ಅವನ ಕೈ ಬಂದು ಅವಳ ಕೈ ಹಿಡಿಯಿತು. ಟ್ರಾಮ್ ಬಂತು, ಹೋಯಿತು. ಇಬ್ಬರೂ ಹತ್ತಲಿಲ್ಲ.

"ವೀತೊ, ನಿಮ್ಮ ಕೈ ಎಷ್ಟು ತಣ್ಣಗಿದೆ..."

"ಇನ್ನೂ 'ನಿಮ್ಮ' ಅಂತೀಯಾ?"

"ಸರಿ. ನಿನ್ನ ಕೈ ಎಷ್ಟು ತಣ್ಣಗಿದೆ, ಮಾರಾಯ!"

ನವೆಂಬರಿನಲ್ಲಿ ಪೆರೊತ್ತಿ ತಮ್ಮ ಮನೆಯಲ್ಲಿ ಎಲ್ಲರಿಗೂ ಬಾನ್ಯಾ ಕಾವ್ದಾ ಊಟ ಹಾಕಿದರು. ಬೆಳ್ಳುಳ್ಳಿ, ಉಪ್ಪುಮೀನು ಎಣ್ಣೆಯಲ್ಲಿ ಕುದಿಯುವ ಆ ಬಿಸಿ ಮಡಕೆಗೆ ತರಕಾರಿ ಅದ್ದಿ ಅದ್ದಿ ತಿಂದ ವೀತೊನ ಮೈಯೆಲ್ಲ ಮೂರು ದಿನ ಬೆಳ್ಳುಳ್ಳಿ ನಾತ.

"ಈಗ ನೀನು ಪೂರ್ತಿ ನಮ್ಮವನು," ಎಂದು ಓರ್ನೆಲ್ಲಾ ಮೂಗು ಮುಚ್ಚಿಕೊಂಡು ನಕ್ಕಳು. ಆ ನಗುವನ್ನು ನೋಡುತ್ತಿದ್ದವನು ಯಾಕೋ ಮುಖ ತಿರುಗಿಸಿಕೊಂಡ. ಅವಳು ಅದನ್ನು ಗಮನಿಸಲಿಲ್ಲ...

* * *

ಡಿಸೆಂಬರಿನಲ್ಲಿ ಕಂಪನಿಯ ಮಾಲು ಮಾರುವ ಅಂಗಡಿಯವರನ್ನೆಲ್ಲ ಕರೆಸಿ ಎರಡೂ ಯಂತ್ರಗಳನ್ನು ತೋರಿಸಿದರು. ಓರ್ನೆಲ್ಲಾ ನೀಲಿ ಉಡುಪು ತೊಟ್ಟು, ಎಲ್ಲರ ಎದುರು ಪ್ಲಗ್ಗು ಕಿತ್ತು ತೋರಿಸಿದಳು. ಚಪ್ಪಾಳೆ ಬಿತ್ತು!

ಕೂನಿಯೊ ಊರಿನಿಂದ ಬಂದ ದಪ್ಪ ಮೀಸೆಯ ಅಂಗಡಿಯವನೊಬ್ಬ ಎದ್ದು ನಿಂತ. "ಬಹಳ ಚೆನ್ನಾಗಿದೆಯಮ್ಮಾ. ಆದರೆ ನನ್ನ ಗಿರಾಕಿ ಒಳಗೆ ಬಂದು ಕೇಳೋದು ಒಂದೇ. ಅಮೆರಿಕದ ಆ ಲೆಕ್ಕಪತ್ರದ ಪ್ರೋಗ್ರಾಮ್ ಇದರಲ್ಲಿ ನಡೆಯುತ್ತಾ?"

"ನಡೆಯಲ್ಲ. ಇದರ ಚಿಪ್ಪೇ ಬೇರೆ. ಆದರೆ ನಮ್ಮದೇ..."

"ಮುಂದಕ್ಕಾದರೂ?"

"...ಇಲ್ಲ."

ಅವನು ಟೋಪಿ ತಿರುಗಿಸುತ್ತಾ ಕೂತ. ಅಷ್ಟೇ. ಅಲ್ಲಿಗೆ ಮುಗಿಯಿತು. ಯಾರೂ ಜಗಳವಾಡಲಿಲ್ಲ, ಯಾರೂ ಡೋರಾಳನ್ನು ಹಳಿಯಲಿಲ್ಲ. ಅದೇ ಅವಳಿಗೆ ಹೆಚ್ಚು ನೋವಾಗಿದ್ದು.

ಯಂತ್ರವನ್ನು ತಳ್ಳುಗಾಡಿಯಲ್ಲಿ ಉಗ್ರಾಣಕ್ಕೆ ಕೊಂಡೊಯ್ದಳು. ಅಲ್ಲಿ ಗೋಡೆಯುದ್ದಕ್ಕೂ ಸೂರು ಮುಟ್ಟುವಷ್ಟು ಹೊಸ ರಟ್ಟಿನ ಡಬ್ಬಗಳು. ಮೇಲೆಲ್ಲ ಮೂರನೇ ಮಹಡಿಯ ಯಂತ್ರದ ಚಿತ್ರ, ಬಣ್ಣದಲ್ಲಿ ಅಚ್ಚು ಹಾಕಿದ್ದು.

"ಇವು ಯಾವಾಗ ಬಂದವು?"

"ಅಯ್ಯೋ, ಅಕ್ಟೋಬರಿನಲ್ಲೇ!" ಎಂದ ಉಗ್ರಾಣದವನು. "ಲೊರುಸ್ಸೊ ಸಾಹೇಬರೇ ಬಂದು ಇಳಿಸಿಕೊಂಡ್ರಲ್ಲ."

ಅಕ್ಟೋಬರ್!

ಅಂದರೆ ತೀರ್ಮಾನ ಆಗಲೇ ಆಗಿತ್ತು. ಇವತ್ತಿನದು ನಾಟಕ. ಅವಳು ಕಣ್ಣುರಿಸಿಕೊಂಡು ದುಡಿದ ಒಂದೊಂದು ಶನಿವಾರವೂ...

ಮೆಟ್ಟಿಲ ಬಳಿ ವೀತೊ ಸಿಕ್ಕಿದ.

"ನಿನಗೆ ಗೊತ್ತಿತ್ತಾ?"

ಅವನ ಮುಖ ಬಿಳಿಚಿತು. "ಗೊತ್ತಿತ್ತು."

"ಪ್ಲಗ್ಗಿನ ಪಕ್ಕ ಕೂತು ನಗ್ತಿದ್ದಾಗಲೂ?"

"ಆಗಲೂ."

"ಕೈ ಹಿಡಿದಾಗಲೂ!"

ಅವನು ತಲೆ ತಗ್ಗಿಸಿದ. ಒಂದು ಮಾತು, ಒಂದೇ ಒಂದು ನೆಪವಾದರೂ ಹೇಳಲಿ ಎಂದು ಅವಳು ಕಾದಳು. ಅವನು ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ.

"ಈಗ ಅರ್ಥ ಆಯ್ತು. ನಿನಗೆ ಬೇಕಿದ್ದದ್ದು ಡೋರಾ ಫೈಲ್ ಉಳಿಸೋ ಗುಟ್ಟು. ನಾನೊಬ್ಬಳು ಹುಚ್ಚಿ, ತರಾಲ್ಲಿ ತಿಂದುಕೊಂಡು ಎಲ್ಲಾ ಒಪ್ಪಿಸಿಬಿಟ್ಟೆ!"

"ಓರ್ನೆಲ್ಲಾ, ಸ್ವಲ್ಪ ದಿನ... ಸ್ವಲ್ಪ ದಿನ ತಡಿ..."

"ನನ್ನ ಹೆಸರು ಹಿಡಿದು ಕರೀಬೇಡಿ."

'ಕರೀಬೇಡಿ'... ಆ 'ಡಿ'ಗೆ ಅವನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ. ಬೆನ್ನು ತಿರುಗಿಸಿಯಾಗಿತ್ತು.

* * *

ಕ್ರಿಸ್‌ಮಸ್ಸಿಗೆ ಮೊದಲೇ ಟೈಪ್‌ರೈಟರ್ ವಿಭಾಗದ ಎಷ್ಟೋ ಮಂದಿಯನ್ನು ಕೆಲಸದಿಂದ ಮನೆಗೆ ಕಳಿಸಿದರು. ಗೇಟಿನ ಬಳಿ ಅವರು ಬೆಂಕಿ ಹಾಕಿಕೊಂಡು ಸುತ್ತ ನಿಂತಿದ್ದರು. ಡೋರಾ ತಂಡದವರನ್ನು ಮಾತ್ರ, ಒಬ್ಬರನ್ನೂ ಬಿಡದೆ, ಮೂರನೇ ಮಹಡಿಗೆ ವರ್ಗ ಮಾಡಿದರು.

'ಗೆದ್ದವನು ಕೊಳ್ಳೆ ಹೊಡೆಯುತ್ತಿದ್ದಾನೆ,' ಎಂದುಕೊಂಡಳು ಓರ್ನೆಲ್ಲಾ. ಮೇಲಕ್ಕೆ ಹೋಗಲಿಲ್ಲ. ಎರಡನೇ ಮಹಡಿಯ ಖಾಲಿ ಕೋಣೆಯಲ್ಲಿ ಫ್ಲಾಪಿಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಅಳು ಕೂಡ ಬರುತ್ತಿರಲಿಲ್ಲ. ಅಳುವುದಕ್ಕೂ ತ್ರಾಣ ಬೇಕಲ್ಲ!

ಪೆರೊತ್ತಿ ಒಳಬಂದು ಕುರ್ಚಿಯಲ್ಲಿ ಕುಸಿದು ಕೂತರು. "ಮೂರನೇ ಮಹಡಿಗೆ ಹೋಗಲ್ವೇನಮ್ಮ?"

"ಅವನ ಕೈಕೆಳಗಾ? ಬೀದಿ ಗುಡಿಸ್ತೀನಿ, ಅಲ್ಲಿಗೆ ಹೋಗಲ್ಲ."

"ಕೂತ್ಕೋ. ನಿನ್ನೆವರೆಗೂ ಹೇಳೋ ಹಾಗಿರಲಿಲ್ಲ. ಇವತ್ತು ಹೇಳ್ತೀನಿ." ಅವರ ಧ್ವನಿ ಕುಗ್ಗಿತ್ತು. "ಅಕ್ಟೋಬರಿನಲ್ಲಿ ಮನೆಗೆ ಕಳಿಸಬೇಕು ಅಂತ ಮೊದಲು ಆರಿಸಿದ್ದು ನಮ್ಮನ್ನೇ. ಡೋರಾ ತಂಡವನ್ನ. ನಿನ್ನ ಹೆಸರು ಎಲ್ಲಕ್ಕಿಂತ ಮುಂದೆ ಇತ್ತು."

ಓರ್ನೆಲ್ಲಾಳ ಕೈಯಲ್ಲಿದ್ದ ಫ್ಲಾಪಿ ಅಲ್ಲೇ ನಿಂತಿತು.

"ಆ ಹುಡುಗ ನಿರ್ದೇಶಕರ ಮುಂದೆ ಹೋಗಿ ಕೂತ. ಅಷ್ಟೂ ಜನ ನನಗೆ ಬೇಕು, ಇಲ್ಲದಿದ್ದರೆ ನಾನೂ ಬಾರಿಗೆ ರೈಲು ಹತ್ತುತ್ತೀನಿ ಅಂದ. ಅವರು ಒಪ್ಪಿದ್ರು. ಆದರೆ ವರ್ಗದ ಆದೇಶಕ್ಕೆ ಸಹಿ ಬೀಳೋವರೆಗೂ ಒಂದು ಮಾತು ಹೊರಗೆ ಹೋದ್ರೆ ಎಲ್ಲಾ ರದ್ದು ಅಂದ್ರು. ಸಹಿ ಬಿದ್ದದ್ದು ನಿನ್ನೆ."

"ನಿಮಗೂ... ನಿಮಗೂ ಗೊತ್ತಿತ್ತಾ?"

"ಗೊತ್ತಿತ್ತು ಕಣಮ್ಮ. ನಾನೂ ಬಾಯಿ ಬಿಡಲಿಲ್ಲ. ಬೈಯೋದಿದ್ರೆ ನನ್ನನ್ನೂ ಬೈಯಿ."

ಕಿಟಕಿಯಾಚೆ ಗೇಟಿನ ಬಳಿಯ ಹೊಗೆ ಮೇಲೇರುತ್ತಿತ್ತು. ಆ ಬೆಂಕಿಯ ಸುತ್ತ ತಾನು ನಿಂತಿರಬೇಕಿತ್ತು. ಈಗ ನಿಂತಿರುವವರು ಬೇರೆ ಯಾರೋ. ಖುಷಿ ಪಡುವುದು ಹೇಗೆ? ಸಿಟ್ಟು ಮಾಡುವುದು ಯಾರ ಮೇಲೆ?

"ಅವನು ಎಲ್ಲಿ?" ಎಂದಳು ಕೊನೆಗೆ.

"ಎರಡು ದಿನದಿಂದ ಬಂದಿಲ್ಲ. ಜ್ವರವಂತೆ."

* * *

ಭಾನುವಾರ ಮಧ್ಯಾಹ್ನ. ಪೊರ್ತಾ ಪಲಾತ್ಸೊ ಸಂತೆಯ ಹಿಂದಿನ ಓಣಿ, ನಾಲ್ಕನೇ ಮಹಡಿಯ ಬಾಡಿಗೆ ಕೋಣೆ.

ಬಾಗಿಲು ತೆರೆದವನು ಕಂಬಳಿ ಹೊದ್ದಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಗುಳಿಬಿದ್ದಿತ್ತು.

"ನೀವಾ?..."

"ಒಳಗೆ ಬಿಡು. ಮೆಟ್ಟಿಲು ಹತ್ತಿ ಕಾಲು ಬಿದ್ದುಹೋಗಿದೆ."

ಅವಳು ಕೋಟು ಬಿಚ್ಚಲಿಲ್ಲ. ಒಲೆ ಹಚ್ಚಿ, ತಂದಿದ್ದ ಮೂಳೆ, ಗಜ್ಜರಿ, ಈರುಳ್ಳಿ ಹಾಕಿ ಸಾರಿಗಿಟ್ಟಳು. ಬಟ್ಟಲನ್ನು ಅವನ ಕೈಗೆ ಕೊಟ್ಟ ಮೇಲೆಯೇ ಮಾತು ಹೊರಬಂತು.

"ಪೆರೊತ್ತಿ ಎಲ್ಲಾ ಹೇಳಿದ್ರು."

ಅವನು ಬಟ್ಟಲನ್ನೇ ನೋಡುತ್ತಿದ್ದ.

"ಥ್ಯಾಂಕ್ಸ್ ಹೇಳೋಕೆ ಬಂದಿಲ್ಲ. ನನ್ನ ಕೆಲಸ ಉಳಿಸಿದೆ, ಸರಿ. ಆದರೆ ನನ್ನನ್ನ ಕೇಳದೇ ಉಳಿಸಿದೆ. ಸತ್ತು ಹೋಗಿರೋದಕ್ಕೆ ನಾನು ಶನಿವಾರಗಟ್ಟಲೆ ಔಷಧಿ ಕುಡಿಸ್ತಿದ್ದೆ, ನೀನು ಪಕ್ಕದಲ್ಲಿ ಕೂತು ನೋಡಿದೆ! ಒಂದು ಸಲನಾದ್ರೂ 'ಸಾಕು, ಮಲಗು ಹೋಗು' ಅನ್ನಬಾರದಿತ್ತಾ?"

"ಅನ್ನಬೇಕಿತ್ತು," ಎಂದ ವೀತೊ. ಧ್ವನಿ ಒಡೆದಿತ್ತು. "ದಿನಾ ಅಂದ್ಕೋತಿದ್ದೆ. ಹೇಳಿದ್ರೆ ನಿನ್ನ ಮುಖದಲ್ಲೇ ಎಲ್ಲರಿಗೂ ಗೊತ್ತಾಗಿಬಿಡ್ತಿತ್ತು, ಓರ್ನೆಲ್ಲಾ. ನಿನಗೆ ಏನೂ ಮುಚ್ಚಿಡೋಕೆ ಬರಲ್ಲ. ಆಮೇಲೆ... ಇನ್ನೊಂದೂ ಇತ್ತು. ಹೇಳಿದ ದಿನ ನೀನು ನಗೋದು ನಿಲ್ಲಿಸ್ತೀಯ ಅಂತ ಹೆದರಿಕೆ. ಅದು ನನ್ನ ಸ್ವಾರ್ಥ. ಕ್ಷಮಿಸು ಅಂತ ಕೇಳೋ ಮುಖ ಇಲ್ಲ."

"ಆ ಫೈಲಿನ ಗುಟ್ಟು?"

"ನಮ್ಮ ಯಂತ್ರಕ್ಕೆ ಅದು ಹಿಡಿಸೋದೇ ಇಲ್ಲ. ಅಮೆರಿಕದವರ ಸಿಸ್ಟಮ್ಮಿನಲ್ಲಿ ಒಂದಕ್ಷರ ತಿದ್ದೋ ಹಾಗಿಲ್ಲ ನಾವು. ಶನಿವಾರ ಶನಿವಾರ ನಾನು ಬರ್ತಿದ್ದದ್ದು..." ಅವನು ನಿಟ್ಟುಸಿರಿಟ್ಟ. "ಬರ್ತಿದ್ದದ್ದು ನಿನ್ನನ್ನು ನೋಡೋಕೆ. ಅದೂ ಗೊತ್ತಾಗಲಿಲ್ವಾ ನಿಂಗೆ?"

ಎಷ್ಟೋ ದಿನದಿಂದ ಬಾರದಿದ್ದ ಅಳು ಆಗ ಬಂತು. ಜೋರಾಗಿ ಅಲ್ಲ. ಸುಮ್ಮನೆ ಕೆನ್ನೆ ಮೇಲೆ ಹರಿಯಿತು. ಡೋರಾಗಾಗಿ, ಗೇಟಿನ ಬಳಿ ನಿಂತವರಿಗಾಗಿ, ಕಳೆದುಹೋದ ತನ್ನ ವರ್ಷಗಳಿಗಾಗಿ, ಎದುರಿಗೆ ಕಂಬಳಿ ಹೊದ್ದು ನಡುಗುತ್ತಿರುವ ಈ ಪೆದ್ದನಿಗಾಗಿ.

ಅವನು ಕೈ ಚಾಚಲು ಧೈರ್ಯ ಮಾಡಲಿಲ್ಲ. ಅವಳೇ ಎದ್ದು ಬಂದು ಮಂಚದ ಅಂಚಿನಲ್ಲಿ ಕೂತಳು.

"ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ಗೊತ್ತಿರಲಿ."

"ಗೊತ್ತಿರುತ್ತೆ."

"ಇನ್ನೂ ಸ್ವಲ್ಪ ದಿನ ಇರುತ್ತೆ ಅದು."

"ಇರಲಿ. ನೀನೂ ಇರ್ತೀಯಲ್ಲ."

ಅವಳು ಕೋಟಿನ ತೋಳಿನಿಂದ ಮೂಗು ಒರೆಸಿಕೊಂಡಳು. ನಗು ಬಂತು, ಬರಬಾರದಿತ್ತು.

"ಓರ್ನೆಲ್ಲಾ... ನನ್ನ ತಂಡಕ್ಕೆ ಬರ್ತೀಯಾ?"

"ಇಲ್ಲ. ನಿನ್ನ ಡಬ್ಬಕ್ಕೆ ನಾನು ಕೆಲಸ ಮಾಡಲ್ಲ. ಬ್ಯೆಲ್ಲಾದ ತಾಂತ್ರಿಕ ಶಾಲೆಯಲ್ಲಿ ಮೇಷ್ಟ್ರು ಬೇಕಂತೆ, ಕೇಳಿ ನೋಡ್ತೀನಿ. ಅದಕ್ಕೂ ಮೊದಲು ಒಂದು ತಿಂಗಳು ನಿದ್ದೆ ಮಾಡ್ತೀನಿ."

ಅವನು ಬಟ್ಟಲು ಕೆಳಗಿಟ್ಟ. ಧ್ವನಿ ಇನ್ನೂ ಸಣ್ಣದಾಯಿತು.

"ನನ್ನ ಹತ್ತಿರಕ್ಕೆ?"

"ಬಂದಿದ್ದೀನಲ್ಲೋ, ಮಂಕೇ!"

ಅವಳು ಕೋಟು, ಬೂಟು ಬಿಚ್ಚಿ ಮೂಲೆಗೆ ಎಸೆದಳು. ಕಂಬಳಿಯ ಒಂದು ತುದಿಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಸ್ವಲ್ಪ ಆ ಕಡೆ ಸರಿ."

"ಜ್ವರ ಅಂಟುತ್ತೆ ಕಣೇ..."

"ಅಂಟಲಿ. ಸರಿ ಅಂದ್ನಲ್ಲ. ನನಗೆ ತುಂಬಾ ಸುಸ್ತಾಗಿದೆ, ವೀತೊ."

"ನನಗೂ," ಎಂದು ಅವನು ಸರಿದು ಜಾಗ ಮಾಡಿಕೊಟ್ಟ.