ಸರಿಯಾಗಿಬಿಟ್ಟ ಸೈಕಲ್ಲು

ಸೀಟು ಬದಲಾಯಿಸಿಕೊಡಿ ಎಂದು ಕೇಳಿದರೆ, ಮೆಕ್ಯಾನಿಕ್ ಸೀಟಿನ ಕಡೆ ತಿರುಗಿಯೂ ನೋಡದೆ ಅವಳ ಮುಂದೆ ಕೈ ಚಾಚಿದ.

"ಅಂಗೈ ತೋರಿಸಿ."

"ಯಾಕೆ, ಸೈಕಲ್ ಜೊತೆ ಭವಿಷ್ಯಾನೂ ಹೇಳ್ತೀರಾ?"

"ಕೈ ಜೋಮು ಹಿಡಿಯುತ್ತೆ ಅಂದ್ರಲ್ಲ. ಯಾವ ಬೆರಳು?"

ಕಿರುಬೆರಳು, ಅದರ ಪಕ್ಕದ ಉಂಗುರಬೆರಳು. ಅವಳು ತೋರಿಸಿದಳು. ಅವನು ಮುಟ್ಟಲಿಲ್ಲ. ಗ್ರೀಸು ಹತ್ತಿದ ತನ್ನ ಬೆರಳನ್ನು ಅವಳ ಅಂಗೈಗೆ ತಾಗದಂತೆ ಗಾಳಿಯಲ್ಲೇ ಓಡಿಸಿ, "ಇಲ್ಲಿ ಒತ್ತುತ್ತಾ?" ಎಂದು ಕೇಳಿದ. ಒತ್ತುತ್ತಿದ್ದದ್ದು ಸರಿಯಾಗಿ ಅಲ್ಲೇ. ಮುಟ್ಟದಿದ್ದರೂ ಕಚಗುಳಿ ಇಟ್ಟಂತಾಗಿ ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳು ಕೋಟು ಹೊಲಿಯುವ ವರ್ಕ್‌ಶಾಪಿನಲ್ಲಿ ಬಟ್ಟೆ ಕತ್ತರಿಸುವವಳು. ಅಲ್ಲಿ ಎಲ್ಲರೂ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಅರ್ಧ ಕೆಲಸಕ್ಕೆ, ಅರ್ಧ ನಾಲಿಗೆಗೆ. ಈಚೆಗೆ ಯಾರೋ ಓಡಿಸಿ ಬಿಟ್ಟ ರೋಡ್ ಬೈಕೊಂದನ್ನು ಕೊಂಡಿದ್ದಳು. ತೆಳ್ಳನೆಯ ಚಕ್ರ, ಕೆಳಕ್ಕೆ ಬಾಗಿದ ಹ್ಯಾಂಡಲ್, ತುಳಿದರೆ ಗಾಳಿಯ ಹಾಗೆ ಹೋಗುವ ಸೈಕಲ್ಲು. ಆದರೆ ಕೆಲಸಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ಆ ಎರಡು ಬೆರಳು ತನ್ನವಲ್ಲ ಅನ್ನಿಸುತ್ತಿತ್ತು. ಬೆರಳು ನೆಟ್ಟಗಿದ್ದರೆ ತಾನೇ ಅವಳ ಹೊಟ್ಟೆಪಾಡು ನಡೆಯುವುದು.

"ಹೊಸ ಸೀಟು ಈಗಲೇ ಬೇಡ," ಎಂದ ಮೆಕ್ಯಾನಿಕ್. "ಇದರ ಮೂಗು ಕೆಳಕ್ಕೆ ಬಾಗಿದೆ. ನೀವು ಜಾರ್ತೀರಿ, ಜಾರದೆ ಇರೋಕೆ ಕೈ ಊರ್ತೀರಿ. ಸಮ ಮಾಡಿ ಕೊಡ್ತೀನಿ. ಒಂದು ವಾರ ಓಡಿಸಿ ಬಂದು ಹೇಳಿ."

"ಅಷ್ಟೇನಾ? ಮಾರೋಕೆ ಏನೂ ಇಲ್ವಾ ನಿಮ್ಮ ಹತ್ರ?"

ಕೌಂಟರಿನ ಹಿಂದೆ ಅವನ ದೊಡ್ಡಮ್ಮ ಕೂತಿದ್ದರು. ಹಳೆಯ ಟ್ಯೂಬುಗಳನ್ನು ಸಣ್ಣಗೆ ಕತ್ತರಿಸಿ ರಬ್ಬರ್ ಬ್ಯಾಂಡ್ ಮಾಡುವುದು ಅವರ ಕೆಲಸ. "ಕೇಳು ತಾಯಿ, ಕೇಳು," ಎಂದರು. "ಅಂಗಡಿಗೆ ಬಂದ ಗಿರಾಕಿನ ಬರಿಗೈಲಿ ಕಳಿಸೋದ್ರಲ್ಲಿ ಇವನಷ್ಟು ಜಾಣ ಈ ಬೀದೀಲೇ ಇಲ್ಲ."

ಅವರ ಕೈಯಲ್ಲಿದ್ದ ಕತ್ತರಿ ರಬ್ಬರನ್ನು ಕಚ್ಚುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಅದನ್ನು ನೋಡಿಕೊಂಡು ನಿಲ್ಲಲು ಅವಳಿಂದ ಆಗಲಿಲ್ಲ. ಮುಂದಿನ ವಾರ ಬರುವಾಗ ಸಾಣೆಕಲ್ಲು ತಂದಳು.

ಹೀಗೆ ಶುರುವಾಯಿತು.

ಮೆಕ್ಯಾನಿಕ್‌ನ ರೀತಿ ಒಂದೇ. ಒಂದು ಸಲಕ್ಕೆ ಒಂದೇ ಭಾಗ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದು ವಾಸಿ ಮಾಡಿತು, ಯಾವುದು ಕೆಡಿಸಿತು ಗೊತ್ತಾಗುವುದಿಲ್ಲ ಅನ್ನುತ್ತಿದ್ದ. ಮೊದಲು ಸೀಟಿನ ಮೂಗು. ಅದರಿಂದ ಸ್ವಲ್ಪ ಗುಣ ಕಂಡಿತು, ಪೂರ್ತಿ ಅಲ್ಲ. ಆಮೇಲೆ ಬೇರೆ ಸೀಟು. ಅದಕ್ಕೆ ಅಳತೆ ಬೇಕು. ಸ್ಟೂಲಿನ ಮೇಲೆ ಪಾರ್ಸೆಲ್ ಪೆಟ್ಟಿಗೆಯ ಸುಕ್ಕುರಟ್ಟು ಹಾಸಿ, ಅದರ ಮೇಲೆ ಬಿಗಿಯಾಗಿ ಕೂತು ಎದ್ದರೆ ಎಲುಬು ಊರಿದಲ್ಲಿ ಎರಡು ತಗ್ಗು ಬೀಳುತ್ತವೆ. ಆ ತಗ್ಗುಗಳ ನಡುವಿನ ದೂರವೇ ಸೀಟಿನ ಅಳತೆ. ಇದನ್ನು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು.

"ನೀನು ಹೊರಗೆ ನಡಿ," ಎಂದರು ದೊಡ್ಡಮ್ಮ. "ರಟ್ಟು ನಾನು ನೋಡ್ಕೋತೀನಿ."

ಅವನು ಬೀದಿಗೆ ಹೋಗಿ ಎದುರುಗಡೆಯ ಗೋಡೆ ನೋಡುತ್ತ ನಿಂತ. ಅವಳು ಕೂತೆದ್ದು ತನ್ನ ಟೇಪಿನಿಂದ ತಾನೇ ಅಳೆದು ಕೂಗಿ ಹೇಳಿದಳು. ಬೀದಿಯಲ್ಲಿ ಹೋಗುತ್ತಿದ್ದವರೂ ಕೇಳಿಸಿಕೊಂಡರು. ಅವನ ಕಿವಿ ಇನ್ನಷ್ಟು ಕೆಂಪಾಯಿತು.

ಸಾಮಾನು ಆರಿಸುವಾಗ ಮಾತ್ರ ಅವನಿಗೆ ಸಂಕೋಚ ಇರುತ್ತಿರಲಿಲ್ಲ. ಡಬ್ಬಗಳನ್ನು ಸಾಲಾಗಿ ಇಟ್ಟು ಒಂದೊಂದನ್ನೇ ಅವಳ ಕೈಗೆ ಕೊಡುತ್ತಿದ್ದ. ದಿಂಬಿನಂಥ ಸೀಟು ಬೇಡ, ಬೇಗ ಕುಸಿಯುತ್ತದೆ. ಗಟ್ಟಿಯಾದದ್ದು, ನಡುವೆ ಸೀಳು ಇರುವುದು ಇರಲಿ, ಅಗ್ಗದ್ದೇ ಸಾಕು. ಟೈರು ಒಂದಿಷ್ಟು ಅಗಲ ಇರಲಿ, ರಸ್ತೆಯ ಏಟನ್ನು ಅದೇ ನುಂಗಲಿ. ಬ್ರೇಕಿನ ರಬ್ಬರಿನಲ್ಲಿ ಮಾತ್ರ ಜಿಪುಣತನ ಬೇಡ.

ಅವಳು ಒಂದು ಕಪ್ಪು ಹ್ಯಾಂಡಲ್ ಎತ್ತಿಕೊಂಡಳು. "ಇದು ಹಗುರ ಇದೆ. ಚಂದ ಇದೆ."

"ಹೆಸರಿಲ್ಲದ ಕಂಪನಿಯ ಕಾರ್ಬನ್ ಫೈಬರ್. ಯಾರೋ ತಂದು ಬಿಟ್ಟುಹೋದದ್ದು. ಅಲ್ಯುಮಿನಿಯಂ ಆದ್ರೆ ಬಾಗಿ, ಸದ್ದು ಮಾಡಿ, ಏನಾದ್ರೂ ಸುಳಿವು ಕೊಡುತ್ತೆ. ಇದು ಏನೂ ಹೇಳದೆ ಒಂದಿನ ಪಟ್ ಅಂತ ಮುರಿಯುತ್ತೆ."

"ಮಾತಾಡದೆ ಇರೋರ ಹಣೆಬರಹವೇ ಅಷ್ಟು ಬಿಡಿ," ಎಂದು ಅವಳು ಅವನನ್ನೇ ನೋಡಿದಳು.

ಅವನು ಒಂದು ಗಳಿಗೆ ಅವಳ ಕಣ್ಣಿಗೆ ಸಿಕ್ಕಿಕೊಂಡ. ಆಮೇಲೆ ಡಬ್ಬ ಮುಚ್ಚಿದ.

ಕೊನೆಗೆ ಸ್ಟೆಮ್ಮಿನ ಸರದಿ ಬಂತು. ಹ್ಯಾಂಡಲ್ಲನ್ನು ಸೈಕಲ್ಲಿಗೆ ಹಿಡಿದಿಡುವ ಅರ್ಧ ಗೇಣುದ್ದದ ಮೊಣಕೈ ಅದು. ಅವಳ ಸೈಕಲ್ಲಿನ ಸ್ಟೆಮ್ಮು ಉದ್ದವಾಗಿ, ಅವಳು ಹ್ಯಾಂಡಲ್ಲಿಗಾಗಿ ಚಾಚಬೇಕಾಗುತ್ತಿತ್ತು. ಎರಡು ಬೆರಳಗಲ ಗಿಡ್ಡದೊಂದನ್ನು ಹಳೆಯ ಸಾಮಾನಿನ ಪೆಟ್ಟಿಗೆಯಿಂದ ಹುಡುಕಿ ತೆಗೆದ. ಬಾಯಿಯ ಅಳತೆ ಹ್ಯಾಂಡಲ್ಲಿಗೆ ಕೂಡುತ್ತದೋ ಇಲ್ಲವೋ ಎಂದು ಕ್ಯಾಲಿಪರ್ ಹಿಡಿದು ಅಳೆದು ನೋಡಿದ. ನಾಲ್ಕು ಬೋಲ್ಟನ್ನೂ ಅಡ್ಡಡ್ಡವಾಗಿ, ಇಷ್ಟಿಷ್ಟೇ ಬಿಗಿದ. ಹ್ಯಾಂಡಲ್ಲಿಗೆ ದಪ್ಪ ಟೇಪು ಸುತ್ತಿದ. ಅವನು ಟೇಪು ಎಳೆದು ಸುತ್ತುವುದು ನೋಡುತ್ತ, ಕಾಲರಿಗೆ ಪಟ್ಟಿ ಕೂರಿಸುವಾಗ ತಾನು ಎಳೆಯುವುದೂ ಇಷ್ಟೇ ಬಿಗಿಯಲ್ಲವೇ ಎಂದು ಅವಳಿಗೆ ಅನ್ನಿಸಿತು. ಅವನ ಹುಬ್ಬಿನ ನಡುವೆ ಬೀಳುವ ಗೆರೆಯನ್ನು ಕೂಡ ಆ ದಿನ ಅವಳು ಪೂರ್ತಿಯಾಗಿ ನೋಡಿದಳು.

ಮಾರನೆಯ ಬೆಳಿಗ್ಗೆ ಸೇತುವೆ ದಾಟಿದಳು, ಏರು ಹತ್ತಿದಳು, ಇಳಿದಳು. ವರ್ಕ್‌ಶಾಪಿನ ಬಾಗಿಲಲ್ಲಿ ಸೈಕಲ್ ನಿಲ್ಲಿಸಿ ಬೆರಳು ಮಡಿಸಿ ಬಿಚ್ಚಿ ನೋಡಿದಳು. ಜೋಮಿಲ್ಲ. ಕತ್ತು ಹಗುರ. ಮೈಗೆ ಕೋಟು ಕೂತಂತೆ ಸೈಕಲ್ ಕೂತಿತ್ತು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಸೈಕಲ್ ಸರಿಯಾಗಿಬಿಟ್ಟಿತ್ತು. ಇನ್ನು ಆ ಅಂಗಡಿಗೆ ಹೋಗಲು ಅವಳಿಗೆ ನೆಪವೇ ಉಳಿಯಲಿಲ್ಲ.

ವಾರದ ನಂತರ ಅವಳು ಅಂಗಡಿಗೆ ಹೋದಾಗ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ಹೇಗಿದೆ?" ಈ ಸಲ ಅವನಿಗೆ ಉತ್ತರ ಗೊತ್ತಿತ್ತು. ಮುಖದಲ್ಲಿ ಆಗಲೇ ಅರ್ಧ ನಗು ಇತ್ತು.

"ಇನ್ನೂ ಸ್ವಲ್ಪ ಇದೆ," ಎಂದಳು. ಬಾಯಿಂದ ಬಂದೇಬಿಟ್ಟಿತು.

ಅರ್ಧ ನಗು ಅಲ್ಲೇ ನಿಂತಿತು. "ಇದೆಯಾ?"

"ಸ್ವಲ್ಪ."

ಅವನು ನಂಬಿದ. ಅವಳು ಅಂದುಕೊಳ್ಳದೆ ಇದ್ದದ್ದು ಅದೊಂದೇ. ಅವನು ತನ್ನ ಕಣ್ಣಿನ ಅಂದಾಜಿಗಿಂತ, ಕೈಯ ಅನುಭವಕ್ಕಿಂತ ಅವಳ ಮಾತಿಗೆ ಹೆಚ್ಚು ಬೆಲೆ ಕೊಟ್ಟ. ಇನ್ನೂ ಗಿಡ್ಡ ಸ್ಟೆಮ್ಮು ಹಾಕಿದ. ಮತ್ತೊಂದು ವಾರ ಆಯಿತು. "ಇನ್ನೂ ಹಾಗೇ." ಬ್ರೇಕಿನ ಹಿಡಿಗಳನ್ನು ಮೇಲಕ್ಕೆ ತಿರುಗಿಸಿದ. "ಪರವಾಗಿಲ್ಲ, ಆದ್ರೂ..." ಸೀಟನ್ನು ಮುಂದಕ್ಕೆ ತಳ್ಳಿದ. ತಳ್ಳುವಾಗ, ಹೀಗೆ ಮಾಡಬಾರದು, ಲೆಕ್ಕಕ್ಕೆ ಕೂಡುತ್ತಿಲ್ಲ ಎಂದು ತನ್ನಷ್ಟಕ್ಕೆ ಗೊಣಗಿದ. ಹುಬ್ಬಿನ ನಡುವಿನ ಗೆರೆ ಈಗ ಕೆಲಸ ಮುಗಿದ ಮೇಲೂ ಹೋಗುತ್ತಿರಲಿಲ್ಲ. ಅವಳು ಸ್ಟೂಲಿನ ಮೇಲೆ ಕೂತು ದೊಡ್ಡಮ್ಮನ ಕತ್ತರಿಗೆ ಸಾಣೆ ಹಿಡಿಯುತ್ತ, ಇದೊಂದು ವಾರ, ಮುಂದಿನ ವಾರ ಹೇಳಿಬಿಡುತ್ತೇನೆ ಅಂದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಆಗಬಾರದ್ದು ಆಯಿತು. ಜೋಮು ನಿಜವಾಗಿ ಬಂತು.

ಸೈಕಲ್ಲಿನ ಮುಂಭಾಗ ಬೆದರಿದ ಕರುವಿನ ಹಾಗೆ ಆಚೆ ಈಚೆ ತುಯ್ಯತೊಡಗಿತು. ಮೇಲಕ್ಕೆ ತಿರುಗಿದ ಹಿಡಿಗಳಲ್ಲಿ ಮಣಿಕಟ್ಟು ಹಿಂದಕ್ಕೆ ಮಡಿಚಿಕೊಳ್ಳುತ್ತಿತ್ತು. ಸರಿಯಾಗಿದ್ದ ಸೈಕಲ್ಲನ್ನು ಒಂದೊಂದೇ ಸುಳ್ಳಿಗೆ ಒಂದೊಂದೇ ಬೋಲ್ಟಿನಂತೆ ಕೆಡಿಸಿದ್ದಾಯಿತು. ಕೊನೆಗೆ ಒಂದು ಬೆಳಿಗ್ಗೆ ದಪ್ಪ ಉಣ್ಣೆಬಟ್ಟೆಯ ಮೇಲೆ ಕತ್ತರಿ ಜಾರಿ, ತೋಳಿನ ಭಾಗ ಸೀಮೆಸುಣ್ಣದ ಗೆರೆ ಬಿಟ್ಟು ಒಳಕ್ಕೆ ಹೋಯಿತು. ಪಕ್ಕದ ಮೇಜಿನವಳು, "ಏನೇ ಕತ್ತರಿ, ಯಾರ ಧ್ಯಾನ?" ಎಂದು ನಕ್ಕಳು. ಇವಳಿಗೆ ನಗು ಬರಲಿಲ್ಲ. ತನಗೆ ಬೇಕಿತ್ತಾ ಇದು ಎಂದುಕೊಂಡು ಸಂಜೆ ನೇರ ಅಂಗಡಿಗೆ ಹೋದಳು.

ಬಾಗಿಲಲ್ಲಿ ಎತ್ತರದ ಮನುಷ್ಯನೊಬ್ಬ ಹೊಸ ಸೈಕಲ್ ಹಿಡಿದು ನಿಂತಿದ್ದ. "ನನ್ನ ಅಳತೆಗೆ ಕೂರಿಸಿಕೊಡಿ, ನಿಮ್ಮ ಹೆಸರು ಕೇಳಿ ಬಂದೆ," ಎನ್ನುತ್ತಿದ್ದ.

"ಫಿಟ್ಟಿಂಗ್ ಈಗ ಮಾಡ್ತಿಲ್ಲ," ಎಂದ ಮೆಕ್ಯಾನಿಕ್. "ಪಂಕ್ಚರ್ ಇದ್ರೆ ಹೇಳಿ."

ಆ ಮನುಷ್ಯ ಹೋದ. ದೊಡ್ಡಮ್ಮ ಅವಳ ಕಡೆ ನೋಡಿದರು. "ಹೀಗೇ ಎಲ್ಲರನ್ನೂ ವಾಪಸ್ ಕಳಿಸ್ತಿದಾನೆ. ಕೈಗುಣ ಹೋಯ್ತಂತೆ. ಊಟಕ್ಕೆ ಕೂತ್ರೂ ನಿನ್ನ ಸೈಕಲ್ದೇ ಲೆಕ್ಕ."

ಮೆಕ್ಯಾನಿಕ್ ಅವಳ ಹ್ಯಾಂಡಲ್ಲಿನ ಮೇಲೆ ಕೈಯಿಟ್ಟ. ಅವಳನ್ನು ನೋಡಲಿಲ್ಲ. "ನದಿ ಆಚೆ ದೊಡ್ಡ ಅಂಗಡಿ ಇದೆ. ಅವರ ಹತ್ರ ಮಷಿನ್ ಎಲ್ಲ ಇದೆ. ಅಲ್ಲಿಗೆ ತಗೊಂಡು ಹೋಗಿ. ನಾನು ಹಾಕಿದ ಸಾಮಾನೆಲ್ಲ ವಾಪಸ್ ತಗೋತೀನಿ. ನನ್ನಿಂದ ಆಗ್ತಿಲ್ಲ."

ಸುಮ್ಮನೆ ಹೂಂ ಅಂದಿದ್ದರೆ ಅವಳ ಮಾನ ಉಳಿಯುತ್ತಿತ್ತು. ಆದರೆ ಅವನು ತನ್ನ ಕೈಗಳನ್ನೇ, ಯಾರದೋ ಎನ್ನುವಂತೆ, ಹೊರಳಿಸಿ ನೋಡುತ್ತಿದ್ದ. ಬೆರಳು ತನ್ನದಲ್ಲ ಅನ್ನಿಸುವುದು ಏನೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸೈಕಲ್ ಸರಿ ಇತ್ತು," ಎಂದಳು.

"ಯಾವಾಗ?"

"ಮೊದಲ್ನೇ ಸ್ಟೆಮ್ ಹಾಕಿದ್ರಲ್ಲ. ಮಾರನೇ ದಿನವೇ. ಪೂರ್ತಿ ಸರಿ ಇತ್ತು."

"ಆಮೇಲೆ ಮತ್ತೆ ಬಂತಾ?"

"ಬರಲಿಲ್ಲ. ನಾನು ಸುಳ್ಳು ಹೇಳಿದೆ. ಈಗ ಬಂದಿದೆ, ನಿಜವಾಗ್ಲೂ. ಇವತ್ತು ಒಂದು ಕೋಟಿನ ತೋಳು ಹಾಳು ಮಾಡಿ ಬಂದೆ."

ದೊಡ್ಡಮ್ಮ ಕತ್ತರಿ ಕೆಳಗಿಟ್ಟರು. ಮೆಕ್ಯಾನಿಕ್ ಈಗ ಅವಳನ್ನು ನೋಡಿದ.

"ಯಾಕೆ?"

"ಸರಿಹೋಯ್ತು ಅಂದ್ರೆ ಮುಂದಿನ ವಾರ ಏನಂತ ಬರ್ಲಿ?"

"ಅದಕ್ಕೆ ಇಷ್ಟು ದಿನ..." ಅವನ ದನಿ ಏರಿತು. ಹಾಗೆ ಏರಿದ್ದನ್ನು ಅವಳು ಕೇಳಿದ್ದು ಅದೇ ಮೊದಲು. "ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ! ಕಲಿತದ್ದೆಲ್ಲ ಸುಳ್ಳು ಅನ್ಕೊಂಡೆ. ಬಂದೋರನ್ನೆಲ್ಲ ಹಿಂದಕ್ಕೆ ಕಳಿಸಿದೆ. ತಮಾಷೆನಾ ಇದು?"

"ತಮಾಷೆ ಅಲ್ಲ. ಸ್ವಾರ್ಥ. ನನ್ನ ಪಾಡು ನೋಡಿಕೊಂಡೆ, ನಿಮ್ಮದು ನೋಡ್ಲಿಲ್ಲ. ತಪ್ಪಾಯ್ತು." ಕತ್ತರಿಯ ನಾಲಿಗೆಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ. "ಆ ಎತ್ತರದೋರು ಇನ್ನೂ ಮೂಲೆ ದಾಟಿಲ್ಲ. ನಿಮ್ಮ ಕೈ ಸರಿ ಇದೆ. ಕರೀರಿ ಅವರನ್ನ."

ಅವನು ಅಲ್ಲಾಡಲಿಲ್ಲ. ದೊಡ್ಡಮ್ಮನೇ ಎದ್ದು ಬಾಗಿಲಿಗೆ ಹೋಗಿ, "ಏಯ್ ಉದ್ದಣ್ಣಾ! ನಾಳೆ ಬೆಳಿಗ್ಗೆ ಬಾರಪ್ಪಾ, ಮಾಡ್ಕೊಡ್ತಾನೆ!" ಎಂದು ಬೀದಿ ಎಲ್ಲ ಕೇಳುವಂತೆ ಕೂಗಿದರು. ಒಳಗೆ ಬಂದು ಕೂರುವಾಗ ಹೇಳಿದರು: "ನಾನೂ ದಡ್ಡಿನೇ. ನನ್ನ ಕತ್ತರಿಗೆ ವಾರ ವಾರ ಸಾಣೆ ಯಾಕೆ ಬೇಕು ಅಂತ ಒಂದಿನಾನೂ ಯೋಚನೆ ಮಾಡ್ಲಿಲ್ಲ ನೋಡು."

ಮೆಕ್ಯಾನಿಕ್ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿದ. ಟೇಪು ಬಿಚ್ಚಿದ. ತೀರಾ ಗಿಡ್ಡ ಸ್ಟೆಮ್ಮು ತೆಗೆದು, ತಾನು ಮೊದಲು ಹಾಕಿದ್ದನ್ನು ಮತ್ತೆ ಕೂರಿಸಿದ. ಹಿಡಿಗಳನ್ನು ಇಳಿಸಿದ, ಸೀಟನ್ನು ಹಿಂದಕ್ಕೆ ತಂದ. ಟೇಪು ಹಿಡಿದುಕೊಳ್ಳಲು ಯಾರಾದರೂ ಬೇಕಾದಾಗ ತಲೆಯೆತ್ತದೆ ತುದಿಯನ್ನು ಅವಳ ಕಡೆ ಚಾಚಿದ. ಅವಳು ಹಿಡಿದಳು. ಅವನು ಸುತ್ತುತ್ತ ಸುತ್ತುತ್ತ ಹತ್ತಿರ ಬಂದಂತೆ, ಕೊನೆಯ ಸುತ್ತಿಗೆ ಅವನ ಗ್ರೀಸಿನ ಬೆರಳು ಅವಳ ಬೆರಳಿಗೆ ತಾಗಿತು. ಈ ಸಲ ಅವನೂ ಸರಿಯಲಿಲ್ಲ, ಅವಳೂ ಸರಿಯಲಿಲ್ಲ.

"ಸುಮ್ನೆ ಬರಬಹುದಿತ್ತು," ಎಂದ ಮೆಲ್ಲಗೆ.

"ಸುಮ್ನೆ ಬಂದೋರನ್ನ ನೀವು ಬರಿಗೈಲಿ ಕಳಿಸ್ತೀರಂತಲ್ಲ."

ನಗಬಾರದು ಎಂದು ಅವನು ಬಹಳ ಪ್ರಯತ್ನಪಟ್ಟ. ಕಿವಿ ಕೆಂಪಾಗುವುದನ್ನು ತಡೆಯಲು ಮಾತ್ರ ಆಗಲಿಲ್ಲ.

ಸೈಕಲ್ ಇಳಿಸಿ ಅವಳ ಕೈಗೆ ಕೊಟ್ಟ. ಅವಳು ಬೀದಿಯ ಕೊನೆಯವರೆಗೆ ಹೋಗಿ ಬಂದಳು. ಮುಂಭಾಗ ನೇರ ನಿಂತಿತ್ತು. ಮಣಿಕಟ್ಟು ನೆಟ್ಟಗಿತ್ತು. ಇಳಿದಾಗ ಅವನು ಏನೂ ಕೇಳಲಿಲ್ಲ. ಕೇಳಲು ಅವನಿಗೆ ಭಯ ಇದ್ದಂತಿತ್ತು.

"ಸರಿ ಇದೆ," ಎಂದಳು ಅವಳೇ. "ಇನ್ನು ಬದಲಾಯಿಸೋದು ಏನೂ ಇಲ್ಲ."

ಹೇಳಿದ ಮೇಲೆ ಇಬ್ಬರೂ ಸೈಕಲ್ಲನ್ನೇ ನೋಡುತ್ತ ನಿಂತರು. ದೊಡ್ಡಮ್ಮ ರಬ್ಬರ್ ಬ್ಯಾಂಡುಗಳನ್ನು ಎಣಿಸುವವರಂತೆ ತಲೆ ತಗ್ಗಿಸಿಕೊಂಡರು.

"ನಾಳೆ ಸಂಜೆ ಬಾ," ಎಂದ ಮೆಕ್ಯಾನಿಕ್.

ಬನ್ನಿ ಅನ್ನಲಿಲ್ಲ, ಬಾ ಅಂದ. ಅವಳು ಅದನ್ನು ಒಂದು ಸಲ ಮನಸ್ಸಿನಲ್ಲೇ ಹೇಳಿಕೊಂಡಳು.

"ಸೈಕಲ್ ತರಲಾ?"

"ಬೇಡ. ಬಸ್ಸಿಗೆ ಬಾ. ಸ್ಟಾಪಲ್ಲಿ ನಿಂತಿರ್ತೀನಿ."