ಮಗು ಮೊದಲು

"ಇಬ್ರೂ ಒಂಟಿಯಾಗಿ ಬಂದಿದೀರ. ಟ್ರೈನಿಂಗ್ ಮುಗಿಯೋವರೆಗೂ ಗಂಡ ಹೆಂಡ್ತಿ ಅಂದ್ಕೊಳ್ಳಿ," ಎಂದು ತರಬೇತಿ ಕೊಡುವ ಶ್ಯಾಮಲಮ್ಮ ಬಟ್ಟೆಯ ಗೊಂಬೆಯೊಂದನ್ನು ಮುನೀಶನ ಕೈಗಿಟ್ಟರು.

ಅವನು ಅದನ್ನು ಟೊಮೆಟೊ ಕ್ರೇಟಿನ ಹಾಗೆ ಎದೆಗವಚಿಕೊಂಡ. ಪಕ್ಕದಲ್ಲಿದ್ದ ಆದಿಲಕ್ಷ್ಮಿಗೆ ನಗು ತಡೆಯಲಾಗಲಿಲ್ಲ.

"ತಲೆ ಕೆಳಗಾಗೈತೆ ನೋಡ್ರೀ."

"ಇಂಗಾ?"

"ಅಯ್ಯೋ, ಕೊಡಿ ಇಲ್ಲಿ."

ಕೈಗೆ ಕೈ ತಾಗಿತು. ಉದ್ದನಪಲ್ಲಿಯ ಆ ವಿಧುರನ ಕಿವಿ ಕೆಂಪಾದದ್ದನ್ನು ಅವಳು ನೋಡಿಯೂ ನೋಡದವಳಂತೆ ಗೊಂಬೆಯ ಲಂಗ ಸರಿಮಾಡಿದಳು.

ಅದು ೨೦೦೬ರ ಬೇಸಿಗೆ. ಹೊಸೂರಿನ ಮಕ್ಕಳ ಆಶ್ರಮವೊಂದರಲ್ಲಿ, ಮಕ್ಕಳನ್ನು ಮನೆಗೆ ಕರೆದೊಯ್ದು ಸಾಕುವವರಿಗೆ ಆರು ಭಾನುವಾರದ ತರಬೇತಿ. ಆದಿಲಕ್ಷ್ಮಿ ಬಂದದ್ದು ಅಲ್ಲಿದ್ದ ನಾಲ್ಕು ವರ್ಷದ ಭೂಮಿಕಾಳಿಗಾಗಿ. ಫ್ಯಾಕ್ಟರಿಯಿಂದ ಮರಳುವಾಗಲೆಲ್ಲ ಗೇಟಿನ ಕಂಬಿಯ ಸಂದಿಯಿಂದ ಅವಳ ಬೆರಳು ಹಿಡಿಯುತ್ತಿದ್ದ ಮಗು. ಮೂವತ್ತೆಂಟರ ಹೆಣ್ಣಿಗೆ ಬೇರಾವ ಆಸೆಯೂ ಉಳಿದಿರಲಿಲ್ಲ. ಆದರೆ ಕಮಿಟಿಯವರು ಗಂಡಹೆಂಡಿರಿಗೇ ಮಗು ಕೊಡೋದು ಎಂದು ಶ್ಯಾಮಲಮ್ಮ ಮೊದಲೇ ಎಚ್ಚರಿಸಿದ್ದರು.

ಕಮಿಟಿಯವರು ಏನು ಕೇಳಿದರೂ "ಮಗು ಮೊದಲು" ಎನ್ನಬೇಕು. ತರಬೇತಿಯ ತುಂಬ ಇದೇ ಪಾಠ. ಮುನೀಶ್ ತಪ್ಪಿದಾಗಲೆಲ್ಲ ಆದಿಲಕ್ಷ್ಮಿಯೇ ತಿದ್ದುತ್ತಿದ್ದಳು.

"ಮೊದ್ಲು ಹೆಂಡ್ತಿಗೆ ಊಟ ಅಂದ್ಬುಟ್ರಲ್ಲಾ! ನೀವು ಫೇಲು."

"ಹೆಂಡ್ತಿ ಹಸ್ಕೊಂಡವ್ಳೆ ಅನ್ನಿಸ್ತು, ಅದ್ಕೇ," ಎಂದು ಅವನು ಓರೆಗಣ್ಣಿನಲ್ಲಿ ನೋಡುತ್ತಿದ್ದ. ಅವಳು ಮುಖ ತಿರುಗಿಸಿ ನಗುತ್ತಿದ್ದಳು.

ಕೊನೆಯ ಭಾನುವಾರ ಬೇವಿನ ಮರದಡಿ ಅವನು ಕೇಳಿಯೇಬಿಟ್ಟ. "ನಿಜವಾಗ್ಲೂ ಮದ್ವೆ ಆಗೋಣವಾ?"

ಅವಳು ತಿರುಗಿ ಕೇಳಿದಳು. "ನನಗೋಸ್ಕರವಾ, ಮಗುಗೋಸ್ಕರವಾ?"

ಈ ಸಲವಾದರೂ ತಪ್ಪಬಾರದೆಂದು ಮುನೀಶ್ ನೆಟ್ಟಗೆ ನಿಂತ. "ಮಗು ಮೊದ್ಲು."

ಸರಿಯಾದ ಉತ್ತರವೇ. ಹೇಳಿಕೊಟ್ಟವಳೂ ಅವಳೇ. ಆದರೂ ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದವಳಿಗೆ ಇಲ್ಲೂ ತಾನು ಎರಡನೆಯವಳೇ ಎನಿಸಿತು. "ಹಂಗಾದ್ರೆ ಬೇಡ," ಎಂದು ಚೀಲ ಎತ್ತಿಕೊಂಡು ನಡೆದುಬಿಟ್ಟಳು.

ತಿಂಗಳು ತುಂಬುವುದರೊಳಗೆ ಭೂಮಿಕಾಳನ್ನು ಸೇಲಂ ಕಡೆಯ ಗಂಡಹೆಂಡತಿಗೆ ಕೊಟ್ಟರು. ಹೋಗುವಾಗ ಮಗು ಕಂಬಿ ಹಿಡಿದುಕೊಂಡು ಬಿಡಲೇ ಇಲ್ಲವಂತೆ. ಸುದ್ದಿ ಕೇಳಿದ ಆದಿಲಕ್ಷ್ಮಿ ಆ ಗೇಟಿನ ಕಂಬಿ ಹಿಡಿದು ಅಲ್ಲೇ ಕುಸಿದು ಕೂತಳು. ಅವಳಿಗೆ ಬದುಕೇ ಬೇಡವೆನಿಸಿತ್ತು.

ಶ್ಯಾಮಲಮ್ಮ ಹೇಳಿ ಕಳಿಸಿದ್ದರಿಂದ ಮುನೀಶ್ ಓಡಿಬಂದು ಪಕ್ಕದಲ್ಲಿ ಕೂತ.

"ಅವತ್ತು ನೀವು ಕಲ್ಸಿದ್ದೇ ಒಪ್ಪಿಸ್ದೆ. ಮನ್ಸಲ್ಲಿದ್ದಿದ್ದು ನೀವೇಯ. ಈಗ ಮಗು ಇಲ್ಲ. ಈಗ್ಲೂ ಕೇಳ್ತಾ ಇವ್ನಿ."

ಅವಳು ಕಾದಿದ್ದ ಮಾತು ಅದೇ. ಆದರೆ ಅವಳು ಕೇಳಿದ್ದು ಬೇರೆ. "ಅವತ್ತು ನಾನು ಒಪ್ಕೊಂಡಿದ್ರೆ ಅವ್ಳು ನಮ್ಮನೇಲಿರ್ತಿದ್ಲು, ಅಲ್ವಾ?"

ಸುಳ್ಳು ಹೇಳಲು ಅವನಿಗೆ ಬರಲಿಲ್ಲ. "ಹೂಂ," ಎಂದ.

ಅವಳು ಒಂದು ಕೈಯನ್ನು ಅವನ ಕೈಯೊಳಗಿಟ್ಟಳು. ಇನ್ನೊಂದು ಕೈಯನ್ನು ಗೇಟಿನ ಕಂಬಿಯಿಂದ ತೆಗೆಯಲು ಅವಳಿಂದಾಗಲಿಲ್ಲ.