ಹಾಳೂರಿನಿಂದ ಬಂದ ಕಾಗದ

೧೯೬೨ರ ಒಂದು ಸಂಜೆ. ಜಯನಗರದ ನಮ್ಮ ಮನೆಯ ಹಾಲಿನಲ್ಲಿ ಕೂತು ರಾಮಪ್ರಸಾದ ಮತ್ತೆ ಆ ಇಂಕಾ ಜನರ ಹಾಳೂರಿನ ಕಥೆ ಶುರುಮಾಡಿದ. ನಾನು ಕಾಫಿ ಲೋಟವನ್ನು ಕುಕ್ಕಿಯೇ ಇಟ್ಟೆ. ಅವನ ಪ್ಯಾಂಟಿನ ಮೇಲೆ ನಾಲ್ಕು ಹನಿ ಬಿತ್ತು. ಬೀಳಲಿ ಅಂತಲೇ ಇಟ್ಟಿದ್ದೆ.

ಅವನು ಪಕ್ಕದ ಮನೆಯವನು, ಪೆರು ದೇಶದ ತಾಮ್ರದ ಗಣಿಯಲ್ಲಿ ಎಂಜಿನಿಯರ್. ಎರಡು ವರ್ಷದ ಹಿಂದೆ ಹೊರಡುವಾಗ ಗೇಟಿನ ಹತ್ತಿರ ನಿಂತು, ನನ್ನ ಕಣ್ಣನ್ನೇ ನೋಡುತ್ತಾ, ಕಾಗದ ಬರೆಯುತ್ತೇನೆ ಅಂದಿದ್ದ. ಬರೆದ, ನಮ್ಮಪ್ಪನಿಗೆ. ಮಹಾ ಮರ್ಯಾದಸ್ಥ! ಅಪ್ಪ ಎಲ್ಲರೆದುರು ಗಟ್ಟಿಯಾಗಿ ಓದುತ್ತಿದ್ದರು. ಹೇಸರಗತ್ತೆಯ ಮೇಲೆ ಮೂರು ದಿನದ ದಾರಿ, ಮೋಡದೊಳಗೆ ಹಾಳುಬಿದ್ದ ಊರು, ಗಾರೆಯಿಲ್ಲದ ಗೋಡೆಗಳು, ಚಾಕುವೂ ತೂರದ ಕಲ್ಲಿನ ಸಂದಿ. ಕೊನೆಗೆ, ಮನೆಯವರಿಗೆಲ್ಲ ನಮಸ್ಕಾರ. ಅಷ್ಟರಲ್ಲೇ ನಾನೂ ಸೇರಿಕೊಳ್ಳಬೇಕು. ಆ ಒಂದು ಸಾಲಿಗೆ ಕಾದು ಕೂರುತ್ತಿದ್ದ ನನ್ನ ಮೇಲೆ ನನಗೇ ಸಿಟ್ಟು. ಈಗ ರಜೆಗೆ ಬಂದಿದ್ದವನು ಭಾನುವಾರ ಮತ್ತೆ ಹೊರಡುತ್ತಿದ್ದ, ಮೂರು ವರ್ಷಕ್ಕೆ.

ಅಪ್ಪ ಅಟ್ಲಾಸ್ ತರಲು ಒಳಗೆ ಹೋದರು. ನಾನು ಬಿಡಲಿಲ್ಲ.

"ಎರಡು ವರ್ಷ ಬರೀ ಕಲ್ಲಿನ ವಿಷಯ ಬರೆದ್ರಲ್ಲ, ನಾಚಿಕೆ ಆಗ್ಲಿಲ್ವಾ ನಿಮಗೆ?"

ಅವನ ಮುಖ ಕೆಂಪಾಯಿತು. "ಆ ಹಾಳೂರಿನ ಮೆಟ್ಟಿಲ ಮೇಲೇ ಕೂತು ನಿಮ್ಮಪ್ಪಂಗೆ ಬರೆದೆ, ನಿಮ್ಮ ಮಗಳು ಕಾತ್ಯಾಯಿನೀನ ನಂಗೆ ಕೊಡ್ತೀರಾ ಅಂತ. ಒಂದು ವರ್ಷ ಆಯ್ತು. ಹ್ಞೂಂ ಅಂತ್ಲೂ ಇಲ್ಲ, ಉಹ್ಞೂಂ ಅಂತ್ಲೂ ಇಲ್ಲ. ನಾಚಿಕೆ ಯಾರಿಗೆ ಆಗ್ಬೇಕು?"

ಬಂದ ಅಪ್ಪನನ್ನು ಬಾಗಿಲಲ್ಲೇ ತಡೆದು ಕೇಳಿದೆ. ಅವರು ಕನ್ನಡಕ ತೆಗೆದರು. ಕಾಗದ ಆಷಾಢದಲ್ಲಿ ಬಂತಂತೆ. ಆಷಾಢದಲ್ಲಿ ಮದುವೆ ಮಾತು ಬೇಡವೆಂದು ಆ ಒಂದು ಹಾಳೆಯನ್ನು ಮಾತ್ರ ನಮ್ಮೆದುರು ಓದದೆ ಪಂಚಾಂಗದೊಳಗೆ ಇಟ್ಟರಂತೆ. ಶ್ರಾವಣದಲ್ಲಿ ಅಜ್ಜಿ ತೀರಿಕೊಂಡರು, ವರ್ಷವಿಡೀ ಶುಭಕಾರ್ಯವಿಲ್ಲ. ಯುಗಾದಿಗೆ ಹೊಸ ಪಂಚಾಂಗ ಬಂತು, ಹಳೆಯದು ಅಟ್ಟ ಸೇರಿತು. ಮರೆತೇಹೋಯಿತು ಅಂದರು. ಈಗಲೂ ಆಷಾಢವೇ, ಇನ್ನು ಹದಿನೈದು ದಿನ ಕಳೆಯಲಿ ಅಂದರು.

ನನ್ನ ಮೈ ಉರಿದುಹೋಯಿತು. ಅಪ್ಪನ ಎದುರಿಗೇ ಅವನ ಕಡೆ ತಿರುಗಿದೆ.

"ನಂಗೆ ಒಪ್ಪಿಗೆ. ಆಷಾಢದಲ್ಲೇ ಹೇಳ್ತಿದೀನಿ. ಭಾನುವಾರದ ಟಿಕೆಟ್ ವಾಪಸ್ ಕೊಡಿ. ಆ ಹಾಳೂರಿಗೆ ಇಬ್ಬರೂ ಹೋಗೋಣ."

ಸಿಟ್ಟು ಅವನಿಗೂ ಇಳಿದಿರಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು.

"ಹತ್ತೋದು ಬಹಳ ಕಷ್ಟ ಕಣ್ರೀ," ಅಂದ.

"ಅದನ್ನ ನಾನು ಕೇಳ್ಲಿಲ್ಲ," ಅಂದೆ.